ಮೋಸಂಬಿಯ ಅಳತೆಯ ಕುಂಚಿಗೆ

ಬಿಬವೇವಾಡಿ, ಪುಣೆ
೧೭ ನವೆಂಬರ್ ೨೦೨೪

ಅವ್ವಾ,

ಈ ಪತ್ರವನ್ನು ಕಂಡಕ್ಟರ್ ಅಂಬಾದಾಸ ಕಾಕಾ ಅವರ ಕೈಯಲ್ಲಿ ಕಳಿಸುತ್ತಿದ್ದೇನೆ. ಅವರ ಬಸ್ಸು ಝಳಕಿ ಕ್ರಾಸಿನಲ್ಲಿ ನಿಂತಾಗ ನಿನಗೆ ಮುಟ್ಟಿಸಿಯೇ ವಿಜಯಪುರಕ್ಕೆ ಹೋಗುವುದಾಗಿ ಸ್ವಾರಗೇಟ್ ಬಸ್‌ಸ್ಟ್ಯಾಂಡಿನಲ್ಲಿ ನಿನ್ನ ಅಳಿಯನಿಗೆ ಮಾತು ಕೊಟ್ಟಿದ್ದಾರೆ. ಫೋನಿನಲ್ಲಿ ಎಷ್ಟು ಕೂಗಿದರೂ ನಿನ್ನ ಕಿವಿಗೆ ಬೀಳುವುದಿಲ್ಲ. ಓಣಿಯವರ ಕೈಗೆ ಫೋನು ಕೊಟ್ಟು ಹೇಳಿಸುವ ಸುದ್ದಿಯೂ ಇದಲ್ಲ.

ಕಳೆದ ಮಂಗಳವಾರ ನನಗೆ ಹೆಣ್ಣುಮಗು ಹುಟ್ಟಿತು. ಕುಬಸಕ್ಕೆ ಇನ್ನೂ ಎಂಟು ದಿನ ಇತ್ತು. ಬಿ.ಪಿ. ಏರಿತ್ತು, ಹೊಟ್ಟೆ ಕೊಯ್ದು ತೆಗೆದರು. ನಾನು ಆರಾಮಿದ್ದೇನೆ. ಮಗುವೂ ಆರಾಮಿದೆ. ಏಳನೇ ತಿಂಗಳಲ್ಲೇ ಬಂದದ್ದರಿಂದ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ, ಅದು ಬರೀ ಮುಂಜಾಗ್ರತೆಗೆ. ತೂಕ ಎರಡು ಕಿಲೋ ನೂರು ಗ್ರಾಂ. ನೀನು ಮೊದಲು ಕೇಳುವುದು ಅದನ್ನೇ ಎಂದು ಗೊತ್ತಿದೆ. ಮೂವತ್ತು ವರ್ಷ ಅಂಗನವಾಡಿಯಲ್ಲಿ ಊರ ಕೂಸುಗಳನ್ನೆಲ್ಲ ತಕ್ಕಡಿಗೆ ತೂಗಿದವಳಲ್ಲವೇ ನೀನು.

ಅತ್ತೆಯವರು ದಿನಾ ಊಟ ತರುತ್ತಾರೆ. ನಿನ್ನ ಅಳಿಯ ಮಾರ್ಕೆಟ್ ಯಾರ್ಡಿನ ಅಂಗಡಿಗೆ ರಜೆ ಹಾಕಿದ್ದಾರೆ. ನೀನು ಯಾವಾಗ ಬರುತ್ತೀ?

ನಿನ್ನ
ನೀಲಿಮಾ

*

ಝಳಕಿ
೨೦ ನವೆಂಬರ್ ೨೦೨೪

ನೀಲವ್ವಾ,

ನಿನ್ನ ಪತ್ರ ಮುಟ್ಟಿತು. ಅಂಬಾದಾಸ ಬಸ್ಸು ನಿಲ್ಲಿಸಿ, ಪ್ರಯಾಣಿಕರು ಬೈದುಕೊಳ್ಳುತ್ತಿದ್ದರೂ ಇಳಿದು ಬಂದು ಕೊಟ್ಟ. ಕ್ರಾಸಿನಲ್ಲೇ ನಿಂತು ಎರಡು ಸಲ ಓದಿದೆ.

ಇವತ್ತೇ ನಿನ್ನ ಕುಬಸದ ದಿನ. ಹಸಿರು ಸೀರೆ ಮಡಿಕೆ ಬಿಚ್ಚದೆ ಟ್ರಂಕಿನಲ್ಲಿದೆ. ನಿನಗೆ ಅದನ್ನು ಉಡಿಸಿ, ಬಸುರಿಯ ಉಡಿ ತುಂಬುವ ಮೊದಲೇ ನಿನ್ನ ಮಗಳು ಬಂದಳು. ನಿನ್ನ ಹಾಗೇ ಅವಸರದವಳು ಇರಬೇಕು, ಬಸ್ಸು ಬರುವ ಮೊದಲೇ ರಸ್ತೆಯ ನಡುವೆ ನಿಲ್ಲುವವಳಲ್ಲವೇ ನೀನು.

ಎರಡು ಕಿಲೋ ನೂರು ಎಂದರೆ ಭಾಳ ಚಲೋ ತೂಕ. ನನಗೆ ಚಿಂತೆಯಿಲ್ಲ. ದಿನದಿನದ ತೂಕ ಬರೆದು ಕಳಿಸು, ಹಳೇ ಚಟ ನನ್ನದು. ಅಂಗಾಲು ಬೆಚ್ಚಗಿವೆಯೇ? ನೀನು ಅದನ್ನು ಎದೆಗೆ ಹಾಕಿಕೊಂಡೆಯಾ?

ನಾನು ಈಗಲೇ ಬರಲಾರೆ. ಮೊಣಕಾಲು ಹಿಡಿದಿದೆ, ಬಸ್ಸಿನ ಮೆಟ್ಟಿಲು ಹತ್ತಲಿಕ್ಕೆ ಆಗುವುದಿಲ್ಲ. ಬೀಗತಿ ಪಾರವ್ವ ಜೊತೆಗಿದ್ದಾಳಲ್ಲ, ಅವಳು ನನಗಿಂತ ಗಟ್ಟಿ ಹೆಂಗಸು.

ನಿನ್ನ ಅವ್ವ
ಸಾಬವ್ವ

*

ಪುಣೆ
೨೭ ನವೆಂಬರ್ ೨೦೨೪

ಅವ್ವಾ,

ನೀನು ಕೇಳಿದ ತೂಕ ಇಲ್ಲಿದೆ. ಮೊದಲ ದಿನ ಎರಡು ಕಿಲೋ ನೂರು. ಮೂರನೇ ದಿನ ಎರಡು ನೂರೈವತ್ತು. ಒಂದು ವಾರಕ್ಕೆ ಎರಡು ಇನ್ನೂರು. ಇವತ್ತು ಎರಡು ಮುನ್ನೂರು. ನೋಡು, ಒಂದು ದಿನವೂ ಕೆಳಗೆ ಇಳಿದಿಲ್ಲ.

ಮಗುವಿಗೆ ಇನ್ನೂ ಹೆಸರಿಟ್ಟಿಲ್ಲ. ಕಾಲಿನ ಪಟ್ಟಿಯ ಮೇಲೆ ‘ಬೇಬಿ ಆಫ್ ನೀಲಿಮಾ’ ಎಂದು ಬರೆದಿದ್ದಾರೆ. ಅತ್ತೆಯವರು ಜೇಜುರಿಗೆ ಹೋಗಿ ಖಂಡೋಬನ ಅರಿಷಿಣದ ಭಂಡಾರ ತಂದಿದ್ದರು. ಹಣೆಗೆ ಹಚ್ಚಲು ಸಿಸ್ಟರ್ ಬಿಡಲಿಲ್ಲ. ಪೆಟ್ಟಿಗೆಯ ಕಾಲಿಗೆ ಪುಡಿಕೆ ಕಟ್ಟಿದರೆ ಅದನ್ನೂ ಬಿಚ್ಚಿ ಕೊಟ್ಟರು. ಅತ್ತೆ ಆ ಭಂಡಾರವನ್ನು ನನ್ನ ಹಣೆಗೇ ಹಚ್ಚಿ, “ನಿನಗ ಮುಟ್ಟಿದ್ದು ಅಕಿಗೂ ಮುಟ್ಟತೈತಿ ತಗೋ. ಊಟಾ ಮಾಡ ಮದಲ” ಎಂದರು. ನನಗೆ ನಗು ಬಂತು. ಆಮೇಲೆ ಮೊಸರನ್ನ ತಿಂದೆ.

ಇಲ್ಲಿ ಚಳಿ ಶುರುವಾಗಿದೆ. ಅಲ್ಲಿ ಜೋಳ ಹೇಗಿವೆ? ಕುಂಚಿಗೆ ಹೊಲಿಸುವ ತೊಂದರೆ ತಗೊಳ್ಳಬೇಡ, ಇಲ್ಲಿ ಅವರೇ ಟೊಪ್ಪಿಗೆ ಹಾಕುತ್ತಾರೆ.

ಮೊಣಕಾಲಿಗೆ ಎಣ್ಣೆ ಹಚ್ಚಿಸಿಕೋ. ಬೇಗ ಬಾ.

ನೀಲಿಮಾ

*

ಝಳಕಿ
೧ ಡಿಸೆಂಬರ್ ೨೦೨೪

ನೀಲವ್ವಾ,

ಬೇಡ ಎಂದರೆ ಬಿಡುವವಳೇ ನಾನು? ಹಸಿರು ಸೀರೆಯ ಸೆರಗು ಕತ್ತರಿಸಿ ಎರಡು ಕುಂಚಿಗೆ ಹೊಲಿಸಿದ್ದೇನೆ. ಒಂದು ನಿನ್ನ ಎರಡು ಕಿಲೋ ಮಗಳಿಗೆ. ಇನ್ನೊಂದು ನೋಡಿ ನಗಬೇಡ. ದರ್ಜಿಗೆ ಅಳತೆ ತಪ್ಪಿ ಗೊಂಬೆಗೆ ಹಾಕುವಷ್ಟು ಚಿಕ್ಕದಾಗಿದೆ. ಬಟ್ಟೆ ಹಾಳು ಮಾಡಲು ಮನಸ್ಸಾಗಲಿಲ್ಲ, ಇದ್ದದ್ದು ಇರಲಿ ಎಂದು ಜೊತೆಗೇ ಇಟ್ಟಿದ್ದೇನೆ. ಬೇಕಿದ್ದರೆ ಒಂದು ಮೋಸಂಬಿಗೆ ಹಾಕಿ ಕೂಡ್ರಿಸು.

ಎರಡನ್ನೂ ಕುದಿಯುವ ನೀರಿಗೆ ಹಾಕಿ ತೆಗೆದು ಮೂರು ದಿನ ಬಿಸಿಲಿಗೆ ಒಣಗಿಸಿದ್ದೇನೆ. ನೀನೂ ಇನ್ನೊಮ್ಮೆ ಕುದಿಸು. ಮರೆಯಬೇಡ.

ಜೋಳ ಚಲೋ ಇವೆ. ನನ್ನ ಪ್ರಶ್ನೆಗೆ ನೀನು ಉತ್ತರ ಕೊಟ್ಟಿಲ್ಲ.

ಸಾಬವ್ವ

*

ಪುಣೆ
೮ ಡಿಸೆಂಬರ್ ೨೦೨೪

ಅವ್ವಾ,

ಆ ಚಿಕ್ಕ ಕುಂಚಿಗೆ ಸರಿಯಾಗಿ ಕೂತಿತು.

ಮೊದಲಿನಿಂದ ಬರೆಯುತ್ತೇನೆ, ಕೂತು ಓದು. ಅವಳು ಹುಟ್ಟಿದಾಗ ಒಂಬೈನೂರ ನಲವತ್ತು ಗ್ರಾಂ ಇದ್ದಳು. ಆರನೇ ದಿನಕ್ಕೆ ಎಂಟುನೂರ ಐವತ್ತೈದಕ್ಕೆ ಇಳಿದಳು. ನಾನು ಬರೆದ ತೂಕಗಳೆಲ್ಲ ಸುಳ್ಳು. ಕೂತು ಯೋಚಿಸಿ ಬರೆದ ಸುಳ್ಳು. ಮೊದಲ ಹನ್ನೊಂದು ದಿನ ಯಂತ್ರವೇ ಅವಳಿಗೆ ಉಸಿರು ಕೊಡುತ್ತಿತ್ತು. ಯಂತ್ರ ತೆಗೆದ ಮೇಲೆ ನಡುನಡುವೆ ಉಸಿರಾಡುವುದನ್ನೇ ಮರೆಯುತ್ತಾಳೆ. ಗಂಟೆ ಹೊಡೆಯುತ್ತದೆ. ಸ್ನೇಹಲ್ ಸಿಸ್ಟರ್ ಓಡಿಬಂದು ಅಂಗಾಲಿಗೆ ಬೆರಳಿನಿಂದ ತಟ್ಟುತ್ತಾರೆ, ಆಗ ನೆನಪಾಗಿ ಮತ್ತೆ ಉಸಿರು ಎಳೆದುಕೊಳ್ಳುತ್ತಾಳೆ. ನಾನು ಆ ಗಂಟೆಯನ್ನು ಮನೆಯಲ್ಲೂ ಕೇಳುತ್ತೇನೆ. ಕುಕ್ಕರ್ ಸೀಟಿ ಹೊಡೆದರೂ ಎದ್ದು ನಿಲ್ಲುತ್ತೇನೆ.

ಕಳೆದ ವಾರ ಹೊಟ್ಟೆ ಉಬ್ಬಿತು. ಕರುಳಿಗೆ ಸೋಂಕು ತಗುಲಿದೆ ಎಂದರು. ನನ್ನ ಹಾಲು ಒಂದೊಂದು ಮಿಲಿ ನಳಿಗೆಯಲ್ಲಿ ಹೋಗುತ್ತಿತ್ತು, ಅದನ್ನೂ ನಿಲ್ಲಿಸಿದ್ದಾರೆ. ಕರುಳು ತೂತಾದರೆ ಆಪರೇಷನ್. ಇಷ್ಟು ಸಣ್ಣ ಮೈಗೆ ಆಪರೇಷನ್ ಎಂದರೆ ಏನೆಂದು ಡಾಕ್ಟರ್ ಬಿಡಿಸಿ ಹೇಳಲಿಲ್ಲ, ನಾನೂ ಕೇಳಲಿಲ್ಲ. ಐದು ದಿನದಿಂದ ಹಾಲು ಹಿಂಡಿ ಹಿಂಡಿ ಆಸ್ಪತ್ರೆಯ ಫ್ರಿಜ್ಜಿಗೆ ಇಡುತ್ತಿದ್ದೇನೆ. ಕುಡಿಯುವವರಿಲ್ಲದ ಹಾಲು, ಅವ್ವಾ.

ನಿನ್ನ ಪ್ರಶ್ನೆಗೆ ಉತ್ತರ ಇದು. ನಾನು ಅವಳನ್ನು ಎದೆಗೆ ಹಾಕಿಕೊಂಡಿಲ್ಲ. ಒಂದು ಸಲವೂ ಮುಟ್ಟಿಲ್ಲ. ಸಿಸ್ಟರ್ ದಿನಾ “ಘಾಬರು ನಕಾ, ಹಾತ್ ಲಾವಾ” ಎನ್ನುತ್ತಾರೆ, ಹೆದರಬೇಡ, ಕೈ ಹಚ್ಚು ಎಂದು. ನಾನು ಕೈ ತೊಳೆದು, ಒರೆಸಿ, ಪೆಟ್ಟಿಗೆಯ ಕಿಂಡಿಯವರೆಗೆ ತಂದು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ದೀಪಾವಳಿಯಿಂದ ನನ್ನ ಕಾಲು ಬಾತಿದ್ದವು, ಬಿ.ಪಿ. ಏರಿದ್ದರ ಗುರುತಂತೆ ಅದು. ಹೇಳಿದರೆ ನೀನು ಡಾಕ್ಟರ ಹತ್ತಿರ ಓಡಿಸುತ್ತೀ, ಆಫೀಸಿನ ರಜೆಯನ್ನು ಕುಬಸಕ್ಕೇ ಉಳಿಸಬೇಕು ಎಂದು ಬಾಯಿ ಮುಚ್ಚಿಕೊಂಡಿದ್ದೆ. ಈ ಕೈ ಹಚ್ಚಿದರೆ ಅವಳಿಗೆ ಇನ್ನೇನಾಗುತ್ತದೋ ಎಂದು ಅಂಜಿಕೆ.

ಚಿಕ್ಕ ಕುಂಚಿಗೆಯನ್ನು ಸಿಸ್ಟರೇ ತೊಡಿಸಿದರು. ದರ್ಜಿಯ ತಪ್ಪನ್ನು ಖಂಡೋಬನೇ ಮಾಡಿಸಿದ ಎಂದು ಅತ್ತೆ ಕೈಮುಗಿದರು.

ಮೊಣಕಾಲು ಹೇಗಾದರೂ ಇರಲಿ, ಬಾ ಅವ್ವಾ.

ನೀಲಿಮಾ

*

ಝಳಕಿ
೧೧ ಡಿಸೆಂಬರ್ ೨೦೨೪

ನೀಲವ್ವಾ,

ದರ್ಜಿ ಪಾಪ, ತಪ್ಪು ಮಾಡಿಲ್ಲ. ನಾನೇ ಒಂದು ಮೋಸಂಬಿ ಅವನ ಮುಂದೆ ಇಟ್ಟು “ಇದರ ಅಳತೆಗೆ ಹೊಲಿ” ಎಂದಿದ್ದೆ. ಮುದುಕಿಗೆ ತಲೆ ಕೆಟ್ಟಿದೆ ಎಂದುಕೊಂಡು ಹೊಲಿದುಕೊಟ್ಟ.

ಏಳನೇ ತಿಂಗಳ ಕೂಸು ಎರಡು ಕಿಲೋ ಇರುತ್ತದೆಯೇ, ಹುಚ್ಚಿ? ಯಾವ ಕೂಸಾದರೂ ಹುಟ್ಟಿದ ವಾರದಲ್ಲಿ ತುಸು ಇಳಿದೇ ಆಮೇಲೆ ಏರುತ್ತದೆ. ನಿನ್ನದು ದಿನಾ ಏರಿತು. ಅಂಗನವಾಡಿ ಟೀಚರಿಗೆ ಇಂಥ ಲೆಕ್ಕ ಬರೆದು ಕಳಿಸಿದೆಯಲ್ಲ, ನನ್ನ ಮಾನ ಕಳೆದೆ. ಆದರೂ ಸುಮ್ಮನಿದ್ದೆ. ನಿನಗೆ ಆ ಸುಳ್ಳು ಬೇಕಾಗಿತ್ತು ಎಂದು ತಿಳಿದಿತ್ತು.

ನಾನು ಯಾರಿಗೂ ಹೇಳದ ಒಂದು ಮಾತು ಹೇಳುತ್ತೇನೆ. ನೀನು ಎರಡನೇ ಇಯತ್ತೆಯಲ್ಲಿದ್ದಾಗ, ಇಂಥದೇ ಚಳಿಯ ಒಂದು ಮುಂಜಾನೆ, ಟ್ರ್ಯಾಕ್ಟರ್ ಮಲಕಪ್ಪ ಏಳನೇ ತಿಂಗಳಲ್ಲೇ ಹುಟ್ಟಿದ ಕೂಸನ್ನು ಕಂಬಳಿಯಲ್ಲಿ ಸುತ್ತಿಕೊಂಡು ಅಂಗನವಾಡಿಗೆ ಓಡಿಬಂದ. ಬಟ್ಟೆ ಬಿಚ್ಚಿ ತೂಗಬೇಕು ಎಂಬುದು ನಮ್ಮ ನಿಯಮ. ಬಿಚ್ಚಿದೆ. ಜೋಲಿಯಲ್ಲಿಟ್ಟೆ. ತಕ್ಕಡಿಯ ಮುಳ್ಳು ಅಲುಗಾಡುತ್ತಿತ್ತು, ನಿಲ್ಲಲಿ ಎಂದು ಕಾದೆ. ಒಂದು ಕಿಲೋ ಇನ್ನೂರು. ರಜಿಸ್ಟರಿನಲ್ಲಿ ಅಂಕಿ ಗೀಚದ ಹಾಗೆ ನೀಟಾಗಿ ಬರೆದೆ. ಇಂಡಿ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಕೂಸು ತಣ್ಣಗಾಗಿತ್ತು. ಅದು ಹೇಗಿದ್ದರೂ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಅಂದರು. ಇರಬಹುದು. ಅದು ಯಾರದಾದರೂ ಎದೆಗೆ ಹತ್ತಿಕೊಂಡು ಬೆಚ್ಚಗಿರಬೇಕಾದ ಹೊತ್ತಿನಲ್ಲಿ ನಾನು ಅಂಕಿ ನೋಡುತ್ತಾ ನಿಂತಿದ್ದೆ ಎಂಬುದಂತೂ ಸುಳ್ಳಲ್ಲ. ಅವತ್ತಿನಿಂದ ಆ ತಕ್ಕಡಿ ಕಂಡರೆ ನನಗೆ ಆಗದು. ಆದರೂ ಮತ್ತೆ ಹದಿನೆಂಟು ವರ್ಷ ಅದರಲ್ಲೇ ತೂಗಿದೆ.

ನಿನ್ನ ಕಾಲು ಬಾತದ್ದು, ನೀನು ಹೇಳದ್ದು, ಆಗಿಹೋಯಿತು. ಅದನ್ನು ಹೊತ್ತುಕೊಂಡು ನಿಂತರೆ ಕೂಸನ್ನು ಎತ್ತಿಕೊಳ್ಳಲು ನಿನ್ನ ಕೈ ಖಾಲಿ ಇರುವುದಿಲ್ಲ. ಡಾಕ್ಟರು ಹೂಂ ಎಂದ ದಿನವೇ ಕೈ ಒಳಗೆ ಹಾಕು. ಎದೆಗೆ ಹಾಕಿಕೋ ಎಂದ ದಿನವೇ ಹಾಕಿಕೋ. ನನ್ನ ಆಣೆ.

ಬರುವ ಮಾತು ಮಾತ್ರ ಕೇಳಬೇಡ. ಈಗ ಬರಲಾರೆ.

ಅವ್ವ

*

ಪುಣೆ
೧೯ ಡಿಸೆಂಬರ್ ೨೦೨೪

ಅವ್ವಾ,

ಕರುಳು ತೂತಾಗಲಿಲ್ಲ. ಸೋಮವಾರದಿಂದ ಹಾಲು ಮತ್ತೆ ಶುರು ಮಾಡಿದ್ದಾರೆ, ಎರಡು ಗಂಟೆಗೊಮ್ಮೆ ಒಂದು ಮಿಲಿ. ತೂಕ ಒಂದು ಕಿಲೋ ನಲವತ್ತು. ಇದು ನಿಜವಾದ ತೂಕ.

ನಿನ್ನೆ ಎದೆಗೆ ಹಾಕಿಕೊಂಡೆ. ಸ್ನೇಹಲ್ ಸಿಸ್ಟರ್ ನನ್ನನ್ನು ಆರಾಮ ಕುರ್ಚಿಯಲ್ಲಿ ಕೂರಿಸಿ, ನಳಿಗೆಗಳನ್ನು ಒಂದೊಂದಾಗಿ ಸರಿಸಿ, ಅವಳನ್ನು ನನ್ನ ಬರೀ ಎದೆಯ ಮೇಲೆ ಕಪ್ಪೆಯ ಹಾಗೆ ಮಲಗಿಸಿ ಮೇಲೆ ಬಟ್ಟೆ ಕಟ್ಟಿದರು. ಮುಕ್ಕಾಲು ಗಂಟೆ. ಅಷ್ಟು ಹೊತ್ತಿನಲ್ಲಿ ಒಂದು ಸಲವೂ ಗಂಟೆ ಹೊಡೆಯಲಿಲ್ಲ, ಅವ್ವಾ. ಗಾಜಿನಾಚೆ ನಿಂತಿದ್ದ ನಿನ್ನ ಅಳಿಯ ಆಮೇಲೆ ಕೇಳಿದರು, “ಅಕಿ ಮಲಗಿದ್ಳು, ನೀ ಯಾಕ ಅಳಾಕತ್ತಿದ್ದಿ?” ಅವರ ಕಣ್ಣೂ ಕೆಂಪಗಿದ್ದವು.

ಇನ್ನೂ ಒಂದು ಮಾತು ಇದೆ. ಕಣ್ಣಿನ ಡಾಕ್ಟರ್ ಬಂದಿದ್ದರು. ಹೀಗೆ ಬೇಗ ಹುಟ್ಟಿದ ಮಕ್ಕಳ ಕಣ್ಣಿನ ಹಿಂದಿನ ಪರದೆಯಲ್ಲಿ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆದುಬಿಡುತ್ತವಂತೆ. ಇವಳಿಗೆ ಎರಡೂ ಕಣ್ಣಲ್ಲಿ ಶುರುವಾಗಿದೆ. ನಿಲ್ಲದಿದ್ದರೆ ಲೇಸರ್ ಮಾಡಬೇಕು. ಮಾಡಿದರೂ ನಿಲ್ಲದಿದ್ದರೆ ಕಣ್ಣು ಹೋಗಬಹುದು.

ನಾನು ಬಾ ಎಂದು ಮೂರು ಸಲ ಬರೆದೆ. ಅತ್ತೆಯವರಿಗೆ ಸಕ್ಕರೆ ಕಾಯಿಲೆ, ಅವರೇ ದಿನಾ ಎರಡು ಬಸ್ಸು ಬದಲಿಸಿ ಬರುತ್ತಾರೆ. ನನ್ನ ಹೆತ್ತವಳು ಮುನ್ನೂರು ಕಿಲೋಮೀಟರು ಆಚೆ ಕೂತು ಮೋಸಂಬಿಗೆ ಕುಂಚಿಗೆ ಹೊಲಿಸುತ್ತಾಳೆ. ಊರಿನ ಎಷ್ಟು ಕೂಸುಗಳ ಮನೆಗೆ ಕರೆಯದೆ ಓಡಿ ಹೋದವಳು ನೀನು. ನಿನ್ನ ಮೊಣಕಾಲಿಗಿಂತ ನಾನು ಕಡಿಮೆಯಾದೆನೇ?

ಬರದಿದ್ದರೆ ಬೇಡ. ಇನ್ನು ಕರೆಯುವುದಿಲ್ಲ.

ನೀಲಿಮಾ

*

ಪುಣೆ
೩ ಜನವರಿ ೨೦೨೫

ಅವ್ವಾ,

ಹದಿನೈದು ದಿನವಾಯಿತು, ನಿನ್ನಿಂದ ಪತ್ರವಿಲ್ಲ. ಸ್ವಾರಗೇಟಿಗೆ ನಾನೇ ಎರಡು ಸಲ ಹೋಗಿ ಬಂದೆ. ಅಂಬಾದಾಸ ಕಾಕಾ ಕೈಯಾಡಿಸಿ “ಏನೂ ಕೊಟ್ಟಿಲ್ಲವ್ವಾ ತಂಗಿ” ಎಂದರು. ನೀನು ಆರಾಮಿದ್ದೀಯಾ ಎಂದು ಕೇಳಿದರೆ ಟಿಕೆಟ್ ಚೀಲದ ಚೈನು ಹಾಕುತ್ತಾ ಆ ಕಡೆ ನೋಡಿದರು.

ಸಿಟ್ಟಿನಲ್ಲಿ ಬರೆದುಬಿಟ್ಟೆ. ನೋಯಿಸಬೇಕು ಎಂದೇ ಬರೆದೆ, ಈಗ ಆ ಸಾಲು ನನಗೇ ಚುಚ್ಚುತ್ತಿದೆ.

ನಿನ್ನೆ ಎರಡೂ ಕಣ್ಣಿಗೆ ಲೇಸರ್ ಆಯಿತು. ಮತ್ತೆ ಎರಡು ದಿನ ಉಸಿರಿನ ಯಂತ್ರ. ಕಣ್ಣು ಬಾತು ಮುಚ್ಚಿಕೊಂಡಿವೆ. ಹಸಿರು ಕುಂಚಿಗೆ ಹಾಕಿಯೇ ಒಳಗೆ ಕಳಿಸಿದೆವು. ತೂಕ ಒಂದು ಕಿಲೋ ಮುನ್ನೂರ ಅರವತ್ತು. ನೀನು ಕೇಳದಿದ್ದರೂ ಬರೆಯುತ್ತೇನೆ.

ಒಂದು ಸಾಲಾದರೂ ಬರಿ.

ನೀಲಿಮಾ

*

ಝಳಕಿ
೧೦ ಜನವರಿ ೨೦೨೫

ನೀಲವ್ವಾ,

ಬರೆಯಲು ಕೂತರೆ ಸುಳ್ಳೇ ಬರೆಯಬೇಕಾಗುತ್ತಿತ್ತು. ಅದಕ್ಕೇ ಬರೆಯಲಿಲ್ಲ. ಇವತ್ತು ನಿಜ ಬರೆಯುವ ಹಾಗಾಗಿದೆ.

ನನ್ನ ಮೊಣಕಾಲಿಗೆ ಏನೂ ಆಗಿಲ್ಲ. ದೀಪಾವಳಿ ಹೊತ್ತಿಗೆ ಕೆಮ್ಮು ಹಿಡಿದಿತ್ತು. ಕಫ ಪರೀಕ್ಷೆ ಮಾಡಿಸಿದೆ. ಕ್ಷಯ ಎಂದು ಬಂತು. ನಿನ್ನ ಮಗಳು ಹುಟ್ಟುವ ನಾಲ್ಕು ದಿನ ಮೊದಲು ಗುಳಿಗೆ ಶುರು ಮಾಡಿದ್ದೆ. ಎಷ್ಟೋ ಮಂದಿಗೆ ಗುಳಿಗೆ ತಪ್ಪಿಸಬೇಡ ಎಂದು ಬೈದು ನುಂಗಿಸಿದ ಬಾಯಿಗೇ ಈಗ ಅದೇ ಗುಳಿಗೆ. ಎರಡು ವಾರ ನುಂಗಿದರೆ ಬೇರೆಯವರಿಗೆ ಅಂಟುವುದಿಲ್ಲ ಎಂದು ಡಾಕ್ಟರು ಹೇಳಿದರು. ಹೇಳಲಿ. ಒಂಬೈನೂರು ಗ್ರಾಂ ಕೂಸಿನ ವಿಷಯದಲ್ಲಿ ನಾನು ಯಾರ ಮಾತನ್ನೂ ನಂಬುವವಳಲ್ಲ. ಎರಡು ತಿಂಗಳ ಕಫ ಪರೀಕ್ಷೆ ಆಗಲಿ, ಆಮೇಲೆ ನೋಡೋಣ ಎಂದು ಹಟ ಹಿಡಿದು ಕೂತೆ.

ನಿನಗೆ ಯಾಕೆ ಹೇಳಲಿಲ್ಲ ಎನ್ನುತ್ತೀಯಾ? ನೀನು ಎರಡು ಕಿಲೋ ಎಂದು ಯಾಕೆ ಬರೆದೆಯೋ, ಅದಕ್ಕೇ. ಗಾಜಿನ ಪೆಟ್ಟಿಗೆಯ ಮುಂದೆ ನಿಂತವಳ ತಲೆ ಮೇಲೆ ನನ್ನ ಎದೆಯ ರೋಗವನ್ನೂ ಹೊರಿಸಲೇ? ಅಂಬಾದಾಸನಿಗೆ ಗೊತ್ತಿತ್ತು, ಬಾಯಿ ಬಿಡದ ಹಾಗೆ ಆಣೆ ಹಾಕಿಸಿದ್ದೆ. ಅವನ ಮೇಲೆ ಸಿಟ್ಟಾಗಬೇಡ. ನಿನ್ನ ಸಿಟ್ಟಿನ ಪತ್ರ ಓದಿದ ರಾತ್ರಿ ನಾನು ಉಣ್ಣಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಆದರೆ ನೀನು ಬರೆದದ್ದು ತಪ್ಪಲ್ಲ. ಹೆತ್ತವಳು ಬರದಿದ್ದರೆ ಯಾವ ಮಗಳಾದರೂ ಹಾಗೇ ಬರೆಯಬೇಕು.

ನಿನ್ನೆ ಪರೀಕ್ಷೆ ಬಂತು. ಕಫದಲ್ಲಿ ಏನೂ ಇಲ್ಲ. ಗುಳಿಗೆ ಇನ್ನೂ ನಾಲ್ಕು ತಿಂಗಳು ಇವೆ. ನಿನ್ನ ಮಗಳು ಆಸ್ಪತ್ರೆ ಬಿಟ್ಟು ಮನೆಗೆ ಬಂದಳೆಂದು ಬರಿ, ಅವಳ ಡಾಕ್ಟರನ್ನೂ ಒಂದು ಮಾತು ಕೇಳಿ ಬರಿ. ಅವರು ಹೂಂ ಎಂದರೆ ಮಾತ್ರ ಹೊಸಿಲು ದಾಟುತ್ತೇನೆ.

ಕಣ್ಣು ಏನಾಯಿತು?

ಅವ್ವ

*

ಪುಣೆ
೩೦ ಜನವರಿ ೨೦೨೫

ಅವ್ವಾ,

ನಿನ್ನ ಪತ್ರವನ್ನು ಸ್ವಾರಗೇಟಿನ ಬೆಂಚಿನ ಮೇಲೆ ಕೂತು ಓದಿದೆ. ಎದ್ದು ಅದೇ ಬಸ್ಸು ಹತ್ತಿ ನಿನ್ನ ಹತ್ತಿರ ಬಂದುಬಿಡಲೇ ಅನ್ನಿಸಿತು. ಹತ್ತಲಿಲ್ಲ, ಹಾಲು ಹಿಂಡುವ ಹೊತ್ತಾಗಿತ್ತು. ಕುದಿಸು, ಮತ್ತೆ ಕುದಿಸು ಎಂದು ನೀನು ಬರೆದಾಗ ಎಷ್ಟು ಅತಿ ಮಾಡುತ್ತಾಳೆ ಎಂದು ಬೈದುಕೊಂಡಿದ್ದೆ. ನೀನು ಒಬ್ಬಳೇ ಅಲ್ಲಿ ಕೆಮ್ಮುತ್ತಾ ಗುಳಿಗೆ ನುಂಗುತ್ತಿದ್ದೆ. ನನಗೆ ಭಾಳ ನಾಚಿಕೆಯಾಗಿದೆ.

ನಾವು ಮನೆಗೆ ಬಂದೆವು. ಮೊನ್ನೆ ಮಂಗಳವಾರ, ಎಪ್ಪತ್ತೇಳು ದಿನದ ಮೇಲೆ. ತೂಕ ಒಂದು ಕಿಲೋ ಏಳುನೂರ ತೊಂಬತ್ತು. ಬಾಗಿಲಲ್ಲಿ ಅತ್ತೆಯವರು ಕಡೆಗೂ ಅವಳ ಹಣೆಗೆ ಭಂಡಾರ ಹಚ್ಚಿದರು, ಸಾಸಿವೆಯಷ್ಟು. ಉಸಿರು ಮರೆಯುವುದು ನಿಂತಿದೆ. ಆದರೂ ನಾನೂ ನಿನ್ನ ಅಳಿಯನೂ ಸರತಿಯ ಮೇಲೆ ಎಚ್ಚರ ಇರುತ್ತೇವೆ. ಗಂಟೆಯಿಲ್ಲದ ಮನೆ ಹೊಸದು ನಮಗೆ.

ಕಿವಿಯ ಪರೀಕ್ಷೆ ಮಾಡಿದರು. ನಿನ್ನ ಕಿವಿ ನೆನಪಾಗಿ ಅಂಜಿದ್ದೆ. ಎರಡೂ ಚೆನ್ನಾಗಿವೆ.

ಬಲಗಣ್ಣು ಉಳಿದಿದೆ, ದೊಡ್ಡ ಕನ್ನಡಕ ಬೇಕಾಗಬಹುದು ಅಷ್ಟೇ ಎಂದರು. ಎಡಗಣ್ಣಿನ ಪರದೆ ಕಿತ್ತುಬಂದಿದೆ. ಅದರಲ್ಲಿ ಬೆಳಕು ನೆರಳು ಕಂಡರೆ ಅದೇ ಹೆಚ್ಚಂತೆ. ಇದನ್ನು ಬರೆಯದೆ ಬಿಡಲೇ ಎಂದು ಎರಡು ದಿನ ಯೋಚಿಸಿದೆ. ಇನ್ನು ನಾವಿಬ್ಬರೂ ಹಾಗೆ ಮಾಡುವುದು ಬೇಡ.

ಡಾಕ್ಟರನ್ನು ಕೇಳಿದೆ. ನಿನ್ನ ಪರೀಕ್ಷೆಯ ಚೀಟಿ ತೋರಿಸಿ ಬರಬಹುದು ಎಂದಿದ್ದಾರೆ.

ಹೆಸರು ಇನ್ನೂ ಇಟ್ಟಿಲ್ಲ. ನೀನು ಬರಲಿ ಎಂದು.

ನೀಲಿಮಾ

*

ಝಳಕಿ
೫ ಫೆಬ್ರವರಿ ೨೦೨೫

ನೀಲವ್ವಾ,

ಕಣ್ಣಿನ ಸುದ್ದಿ ಓದಿ ಹಿತ್ತಲಿಗೆ ಹೋಗಿ ಅತ್ತೆ. ನನಗೇ ಕೇಳದಿದ್ದರೂ ಜೋರಾಗಿಯೇ ಅತ್ತಿರಬೇಕು, ಓಣಿಯವರು ಗೋಡೆ ಮೇಲಿಂದ ಇಣುಕಿದರು. ಅತ್ತದ್ದಾಯಿತು. ನನಗೆ ಕಿವಿ ಇಲ್ಲ, ಅವಳಿಗೆ ಒಂದು ಕಣ್ಣು ಕಡಿಮೆ. ಅವಳು ಕೇಳಿ ನನಗೆ ಹೇಳಲಿ, ನಾನು ನೋಡಿ ಅವಳಿಗೆ ತೋರಿಸುತ್ತೇನೆ. ನಮ್ಮಿಬ್ಬರ ಸಂಸಾರ ಚಲೋ ನಡೆಯುತ್ತದೆ.

ಭಾನುವಾರ ಅಂಬಾದಾಸನ ಬಸ್ಸಿಗೆ ಬರುತ್ತೇನೆ. ಬಾಯಿಗೆ ಬಟ್ಟೆ ಕಟ್ಟಿಕೊಂಡೇ ಬರುತ್ತೇನೆ, ನಗಬೇಡ. ಹಸಿರು ಸೀರೆ ತರುತ್ತೇನೆ. ಸೆರಗಿಲ್ಲ, ಆದರೂ ಅವತ್ತು ನೀನು ಅದನ್ನು ಉಡಲೇಬೇಕು. ಕುಬಸ ಬಾಕಿ ಉಳಿದಿದೆ. ಕೂಸನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಬಸ ಮಾಡಿಸಿಕೊಂಡವಳು ಊರಲ್ಲಿ ನೀನೊಬ್ಬಳೇ ಆಗುತ್ತೀ. ಅವಳ ಬಲಗಡೆ ಜಾಗ ಬಿಡಿ, ನನ್ನ ಮುಖ ಮೊದಲು ಆ ಕಡೆಯಿಂದ ತೋರಿಸುತ್ತೇನೆ.

ಈ ಪತ್ರಕ್ಕೆ ಉತ್ತರ ಬೇಡ. ಅಂಗನವಾಡಿಯ ಹಳೇ ತಕ್ಕಡಿ ಅಲ್ಲಿನ ಗೂಟಕ್ಕೇ ಇರಲಿ, ಅದನ್ನು ತರುವುದಿಲ್ಲ. ನೀನೂ ಇನ್ನು ತೂಕ ಬರೆಯಬೇಡ. ನಾನೇ ಎತ್ತಿ ನೋಡುತ್ತೇನೆ.

ಅವ್ವ